ಸಿಸ್ಟರ್ ಮನೆಯ ಮಾರ್ಚ್ ತಿಂಗಳು



ಮಾರ್ಚ್ ಬಂತೆಂದರೆ ನಮ್ಮ ಮನೆಗಳಲ್ಲಿ ಮಕ್ಕಳ ಪರೀಕ್ಷೆಯ ಗಡಿಬಿಡಿ. ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ ಒಣಗುತ್ತಿರುತ್ತವೆ. ಆದರೆ ನಮ್ಮ ರೋಣ, ನರಗುಂದ, ಗಜೇಂದ್ರಗಡ ಭಾಗದ ಕೆಲವು ಮನೆಗಳಲ್ಲಿ ಆ ತಿಂಗಳಿಗೆ ಬೇರೆಯದೇ ಚಿಂತೆ. ಆ ಮನೆಯ ಮಗಳೋ ಸೊಸೆಯೋ ಸರಕಾರಿ ದವಾಖಾನೆಯಲ್ಲಿ ಗುತ್ತಿಗೆಯ ಮೇಲೆ ನರ್ಸ್ ಆಗಿರುತ್ತಾಳೆ. ಅವಳ ಆದೇಶ ಪತ್ರದ ಕೊನೆಗೆ ಒಂದು ತಾರೀಖು ಬರೆದಿರುತ್ತದೆ: ಮಾರ್ಚ್ 31. ಏಪ್ರಿಲ್ 1ಕ್ಕೆ ಅವಳು ನೌಕರಿಯಲ್ಲಿದ್ದಾಳೋ ಇಲ್ಲವೋ ಎಂಬುದನ್ನು ಇನ್ನೊಂದು ಕಾಗದ ಹೇಳಬೇಕು. ಆ ಕಾಗದ ಒಮ್ಮೊಮ್ಮೆ ಬೇಗ ಬರುತ್ತದೆ, ಒಮ್ಮೊಮ್ಮೆ ವಾರಗಳು ಕಳೆದರೂ ಬಂದಿರುವುದಿಲ್ಲ. ಅಲ್ಲಿಯ ತನಕ ಅವಳು ಡ್ಯೂಟಿ ಮಾಡುತ್ತಲೇ ಇರುತ್ತಾಳೆ. ಬ್ಯಾನಿ ತಿನ್ನುತ್ತ ಬಂದ ಹೆಣ್ಣುಮಗಳಿಗೆ, 'ನನ್ನ ಆರ್ಡರ್ ಇನ್ನೂ ಬಂದಿಲ್ಲವ್ವಾ, ಬಂದ ಮೇಲೆ ಬಾ' ಎಂದು ಹೇಳಲಾಗುತ್ತದೆಯೇ?

'ಹೆಂಗೂ ಪ್ರತಿ ವರ್ಷ ಮುಂದುವರಸ್ತಾರಲ್ಲ, ಅದರಾಗೇನೈತಿ?' ಎಂದು ಹೇಳುವವರಿದ್ದಾರೆ. ನಿಜ, ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಆದರೆ ಹತ್ತು ವರ್ಷ ಹೀಗೆ ದುಡಿದವಳು ಹತ್ತು ಮಾರ್ಚ್ ತಿಂಗಳುಗಳನ್ನು ದಾಟಿ ಬಂದಿರುತ್ತಾಳೆ. ಆ ತಿಂಗಳು ಒಂದು ಸಂಸಾರಕ್ಕೆ ಏನು ಮಾಡುತ್ತದೆ ಎಂಬುದರ ಬಗ್ಗೆ ಈ ಸಲ ನಿಮ್ಮೊಡನೆ ಮಾತಾಡಬೇಕೆನಿಸಿತು. ನರ್ಸ್‌ಗಳ ಸಂಬಳ ಕಡಿಮೆ ಎಂಬ ಮಾತು ಎಲ್ಲರಿಗೂ ಗೊತ್ತು. ಕಡಿಮೆ ಸಂಬಳದಲ್ಲಿ ಮನೆ ನಡೆಸುವುದು ನಮ್ಮ ಹೆಂಗಸರಿಗೆ ಬಾರದ ವಿದ್ಯೆಯೇನಲ್ಲ. ನಾಳೆ ಇರುತ್ತದೋ ಇಲ್ಲವೋ ಎಂಬ ಸಂಬಳದಲ್ಲಿ ನಡೆಸುವುದು ಮಾತ್ರ ಬಹಳ ಕಷ್ಟ.

ಮೊದಲು ಇದು ಶುರುವಾದ ಬಗೆ ತಿಳಿದುಕೊಳ್ಳೋಣ. 2005ರ ಏಪ್ರಿಲ್ 12ರಂದು ಕೇಂದ್ರ ಸರಕಾರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವನ್ನು ಆರಂಭಿಸಿತು. 2013ರಲ್ಲಿ ಪಟ್ಟಣಗಳನ್ನೂ ಸೇರಿಸಿಕೊಂಡು ಅದು ರಾಷ್ಟ್ರೀಯ ಆರೋಗ್ಯ ಅಭಿಯಾನವಾಯಿತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ದಿನದ 24 ಗಂಟೆಯೂ ತೆರೆದಿಡಬೇಕು, ಹೆರಿಗೆಗಳು ಅಲ್ಲೇ ಆಗಬೇಕು ಎಂದು ಅಂಥ ಕೇಂದ್ರಗಳಿಗೆ ಮೂರು ಮೂರು ಸ್ಟಾಫ್ ನರ್ಸ್‌ಗಳನ್ನು ಗುತ್ತಿಗೆಯ ಮೇಲೆ ಕೊಡಲಾಯಿತು. ನಮ್ಮ ಅಜ್ಜಿಯರ ಕಾಲದಲ್ಲಿ ಸೂಲಗಿತ್ತಿಯ ಕೈಯಲ್ಲಿ, ಮನೆಯ ಕತ್ತಲೆ ಕೋಣೆಯಲ್ಲಿ ಆಗುತ್ತಿದ್ದ ಬಾಣಂತನ ದವಾಖಾನೆಗೆ ಬಂದದ್ದರಲ್ಲಿ ಆಶಾ ಕಾರ್ಯಕರ್ತೆಯರ ಓಡಾಟದ ಜೊತೆಗೆ ಈ ಹುಡುಗಿಯರ ರಾತ್ರಿ ಪಾಳಿಯೂ ಇದೆ. ಈ ಲೇಖನ ಓದುತ್ತಿರುವವರಲ್ಲಿ ಎಷ್ಟೋ ಮಂದಿಯ ಮಗುವನ್ನು ಮೊದಲು ಎತ್ತಿಕೊಂಡ ಕೈ ಗುತ್ತಿಗೆ ನರ್ಸ್‌ಳದೇ ಇರಬಹುದು.

ಆದರೆ ಅಭಿಯಾನ ಎಂದರೆ ಯೋಜನೆ. ಯೋಜನೆಗೆ ಅವಧಿ ಇರುತ್ತದೆ, ಅನುದಾನ ವರ್ಷ ವರ್ಷ ಮಂಜೂರಾಗಬೇಕು. ಆದ್ದರಿಂದ ಹುದ್ದೆಯೂ ವರ್ಷದ್ದೇ. ಹೆರಿಗೆ, ಜ್ವರ, ಹಾವು ಕಡಿತಗಳಿಗೆ ಮಾತ್ರ ಅವಧಿ ಇಲ್ಲ. 2025ಕ್ಕೆ ಈ 'ತಾತ್ಕಾಲಿಕ' ವ್ಯವಸ್ಥೆಗೆ 20 ವರ್ಷ ತುಂಬಿತು. ಒಂದೇ ವಾರ್ಡಿನಲ್ಲಿ ಇಬ್ಬರು ಸಿಸ್ಟರ್ ನಿಂತಿರುತ್ತಾರೆ. ಒಬ್ಬಳು ಕಾಯಂ, ಇನ್ನೊಬ್ಬಳು ಗುತ್ತಿಗೆ. ಚುಚ್ಚುವ ಸೂಜಿ, ತುಂಬುವ ರಿಜಿಸ್ಟರ್, ಕೇಳಿಸಿಕೊಳ್ಳುವ ಬೈಗುಳ ಎಲ್ಲಾ ಒಂದೇ. ಸಂಬಳ ಮಾತ್ರ ಎರಡನೆಯವಳಿಗೆ ಅರ್ಧಕ್ಕಿಂತಲೂ ಕಡಿಮೆ, ಅದೂ ಅನುದಾನ ತಡವಾದರೆ ತಿಂಗಳುಗಟ್ಟಲೆ ಕಾಯಬೇಕು.

ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಿ ದುಡಿಯುವವರ ಕೈಯಲ್ಲಿ ಆ ಒಂದು ಕಾಗದವೂ ಇರುವುದಿಲ್ಲ. 'ನಾಳಿಂದ ಬರಬ್ಯಾಡವಾ' ಎಂದು ಒಂದು ಫೋನ್ ಬಂದರೆ ಮುಗಿಯಿತು. ಇನ್ನು ಕೆಲವು ಕಡೆ ಬಿಟ್ಟು ಹೋಗದಂತೆ ಮೂಲ ಪ್ರಮಾಣಪತ್ರಗಳನ್ನೇ ಇಟ್ಟುಕೊಳ್ಳುವ ಕೆಟ್ಟ ರೂಢಿಯಿದೆ. ಖಾಸಗಿ ನರ್ಸ್‌ಗಳ ವೇತನದ ಬಗ್ಗೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮಿತಿ ರಚಿಸಲು ಹೇಳಿತು. ಆ ಸಮಿತಿಯ ಶಿಫಾರಸಿನಂತೆ 50 ಹಾಸಿಗೆಗಿಂತ ಕಡಿಮೆ ಇರುವ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು. 200 ಹಾಸಿಗೆ ದಾಟಿದರೆ ಸರಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು. ಕೇರಳದ ನರ್ಸ್‌ಗಳು 2017ರಲ್ಲಿ ಬೀದಿಗಿಳಿದರು. 2018ರ ಏಪ್ರಿಲ್‌ನಲ್ಲಿ ಅಲ್ಲಿನ ಸರಕಾರ 20,000 ರೂಪಾಯಿಯ ಕನಿಷ್ಠ ವೇತನವನ್ನು ಅಧಿಸೂಚನೆಯಲ್ಲಿಯೇ ಬರೆಯಿತು. ನಮ್ಮ ತಾಲ್ಲೂಕು ಊರುಗಳ ಚಿಕ್ಕ ನರ್ಸಿಂಗ್ ಹೋಮ್‌ಗಳಲ್ಲಿ ಎಷ್ಟು ಕೊಡುತ್ತಾರೆ ಎಂಬುದನ್ನು ನಿಮ್ಮ ಓಣಿಯ ನರ್ಸ್ ಹುಡುಗಿಯನ್ನೇ ಕೇಳಿ ನೋಡಿ.

ಈಗ ಮನೆಯೊಳಗೆ ಬರೋಣ.

ನಮ್ಮದು ಎರೆ ಭೂಮಿ. ಮಳೆ ಬಂದರೆ ಹೆಸರು, ಕಡಲೆ, ಬಿಳಿಜೋಳ, ಬರದಿದ್ದರೆ ಗುಳೆ. ನೀರಿಗಾಗಿ ನರಗುಂದದ ರೈತರು 2015ರಿಂದ ಮಹದಾಯಿ ಹೋರಾಟದ ಪೆಂಡಾಲಿನಲ್ಲಿ ವರ್ಷಗಟ್ಟಲೆ ಕುಳಿತದ್ದನ್ನು ನಾಡೇ ನೋಡಿದೆ. ಗಜೇಂದ್ರಗಡದಲ್ಲಿ ಮಗ್ಗವಿದೆ, ಅದಕ್ಕೂ ಸೀಸನ್ ಇದೆ. ನಮ್ಮ ಮನೆಗಳ ಗಂಡಸರಲ್ಲಿ ಹೆಚ್ಚಿನವರು ಗೌಂಡಿ ಕೆಲಸ, ಗ್ಯಾರೇಜು, ಹಣ್ಣಿನ ಗಾಡಿ, ಗಾದಿ ಹಾಕುವುದು, ಲಾರಿ ಎಂದು ದಿನಗೂಲಿಯ ದಾರಿಯವರು. ಇಂಥ ಮನೆಯಲ್ಲಿ ತಿಂಗಳಿಗೊಮ್ಮೆ ಬ್ಯಾಂಕಿಗೆ ಬಂದು ಬೀಳುವ ಹಣ ಎಂದರೆ ನರ್ಸ್ ಆದ ಹೆಣ್ಣುಮಗಳ ಸಂಬಳ ಒಂದೇ. ಕಿರಾಣಿ ಅಂಗಡಿಯ ಉದ್ರಿ, ಮಾವನ ಬಿಪಿ ಗುಳಿಗೆ, ನಾದಿನಿಯ ಕಾಲೇಜು ಫೀ ಎಲ್ಲಾ ಅದರ ಮೇಲೆಯೇ ನಿಂತಿರುತ್ತವೆ. ಗಂಡನ ದುಡಿಮೆ ಮಳೆಯನ್ನು ನಂಬಿದ್ದರೆ ಹೆಂಡತಿಯ ದುಡಿಮೆ ಮಾರ್ಚ್ ತಿಂಗಳನ್ನು ನಂಬಿದೆ. ಎರಡೂ ಒಂದೇ ವರ್ಷ ಕೈಕೊಟ್ಟರೆ ಏನು ಗತಿ ಎಂಬ ಯೋಚನೆ ಅವಳ ತಲೆಯಿಂದ ಇಳಿಯುವುದೇ ಇಲ್ಲ.

ಮನೆ ಕಟ್ಟಲು ಸಾಲ ಕೇಳಲು ಹೋದರೆ ಬ್ಯಾಂಕಿನವರು ಮೊದಲು ಕೇಳುವುದು ನೌಕರಿ ಕಾಯಂ ಇದೆಯೇ ಎಂದು. ಹನ್ನೊಂದು ತಿಂಗಳು, ಹನ್ನೆರಡು ತಿಂಗಳು ಎಂಬ ಆದೇಶ ಪತ್ರ ನೋಡಿ ಫೈಲು ಪಕ್ಕಕ್ಕೆ ಇಡುತ್ತಾರೆ. ಆಗ ಉಳಿಯುವುದು ಬಂಗಾರ ಒತ್ತೆ ಇಡುವುದು, ಇಲ್ಲವೇ ಓಣಿಯ 'ಸಂಘ'ದ ಸಾಲ. ಮೈಕ್ರೋ ಫೈನಾನ್ಸ್‌ನವರ ವಾರದ ಕಂತು ಎಂಥದೆಂದು ನಮ್ಮ ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ. ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಂತಿಗೆ ವಾರ ತಪ್ಪುವುದಿಲ್ಲ, ಸಂಬಳಕ್ಕೆ ತಿಂಗಳು ತಪ್ಪುತ್ತದೆ. ಈ ನಡುವಿನ ಕಂದಕದಲ್ಲಿ ಗಂಡ ಹೆಂಡತಿಯ ಎಷ್ಟು ಜಗಳಗಳು ಹುಟ್ಟುತ್ತವೆಯೋ!

ನನ್ನಲ್ಲಿ ಕಲಿತ ಹುಡುಗಿಯೊಬ್ಬಳ ಮಾತು ಹೇಳುತ್ತೇನೆ. ಹೆಸರು, ಊರು ಬೇಡ. ತಂದೆ ಗಾದಿ ಹಾಕುವವರು. ಕಷ್ಟಪಟ್ಟು ಮಗಳಿಗೆ ಜಿ.ಎನ್.ಎಂ. ಓದಿಸಿದರು. ಅವಳಿಗೆ ಒಂದು ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು, ನಿಕಾಹ್ ಬೇರೆ ತಾಲ್ಲೂಕಿಗೆ ಆಯಿತು. ದಿನವೂ ಎರಡು ಬಸ್ಸು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಟಿಕೆಟ್ಟಿನ ದುಡ್ಡಾದರೂ ಉಳಿಯಿತು ಎಂದಳು. ಒಂದು ಮಗುವಿದೆ. ಎರಡನೆಯದರ ಬಗ್ಗೆ ನಾನು ಕೇಳಲಿಲ್ಲ, ಅವಳೇ ಹೇಳಿದಳು: 'ಏಪ್ರಿಲ್ ಆಗ್ಲಿ, ಆರ್ಡರ್ ಬರ್ಲಿ, ಆಮೇಲೆ ನೋಡೋಣು ಅಂತ ಅನಕೋತನ ಮೂರು ಏಪ್ರಿಲ್ ಹೋದುವು ಟೀಚರ್.' ಅತ್ತೆಗೆ ಇದನ್ನು ಹೇಳಲು ಬಾಯಿ ಬರುವುದಿಲ್ಲವಂತೆ. ಅತ್ತೆ ತಾಯಿತ ಕಟ್ಟಿಸಲು ಕರೆದುಕೊಂಡು ಹೋಗಿದ್ದರಂತೆ. ಮಗುವನ್ನು ಕೊಡುವವನು ಅಲ್ಲಾಹನು ಎಂಬ ನಂಬಿಕೆ ಅವಳಿಗೂ ಇದೆ, ಅತ್ತೆಗೂ ಇದೆ. ಬಸುರಿಯಾದರೆ ಮುಂದಿನ ವರ್ಷದ ಪಟ್ಟಿಯಲ್ಲಿ ತನ್ನ ಹೆಸರು ಇರುತ್ತದೋ ಇಲ್ಲವೋ ಎಂಬ ಅವಳ ಭಯಕ್ಕೆ ಮಾತ್ರ ತಾಯಿತದಲ್ಲಿ ಉತ್ತರವಿರಲಿಲ್ಲ.

ಅವಳ ಮಾತು ಕೇಳಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಈ ಗುತ್ತಿಗೆ ಪದ್ಧತಿ ಮೊದಲು ಕಿತ್ತುಕೊಳ್ಳುವುದು 'ಆಗುವುದಿಲ್ಲ' ಎಂದು ಹೇಳುವ ಬಾಯಿಯನ್ನು. ಜೊತೆಯವಳು ರಜೆ ಹಾಕಿದರೆ ಎರಡು ಪಾಳಿ ನೀನೇ ಮಾಡು ಎಂದರೆ ಕಾಯಂ ನೌಕರಳು ಒಂದು ಮಾತು ವಾದಿಸುತ್ತಾಳೆ. ಗುತ್ತಿಗೆಯವಳು ಟಿಫಿನ್ ಡಬ್ಬಿ ಮತ್ತೆ ತೆರೆಯುತ್ತಾಳೆ, ಅಷ್ಟೇ. ರೋಗಿಯ ಕಡೆಯವರು ಕೈ ಎತ್ತಿದರೂ ದೂರು ಕೊಡಲು ಹಿಂಜರಿಯುತ್ತಾಳೆ. ತನಗೇ ಜ್ವರ ಬಂದರೆ ಗುಳಿಗೆ ನುಂಗಿ ಡ್ಯೂಟಿಗೆ ಹೋಗುತ್ತಾಳೆ. ದವಾಖಾನೆಗೆ ಇಲ್ಲ ಎನ್ನಲಾಗದವಳು ಕಡೆಗೆ ಯಾರಿಗೆ ಇಲ್ಲ ಎನ್ನಬೇಕು? ಮನೆಗೆ. ಮಗುವಿಗೆ ಜ್ವರ ಕಾದಿರುತ್ತದೆ, ತಾಯಿ ಬೇರೆಯವರ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿರುತ್ತಾಳೆ. ರಮಜಾನಿನಲ್ಲಿ ಎಲ್ಲರೂ ದಸ್ತರಖಾನಿನ ಸುತ್ತ ಕುಳಿತಾಗ ಅವಳು ಬಸ್ಸಿನಲ್ಲಿ ಖರ್ಜೂರ ಬಾಯಿಗೆ ಹಾಕಿಕೊಳ್ಳುತ್ತಾಳೆ. ಮನೆಯವರ ಕಣ್ಣಿಗೆ ಕಾಣುವುದು ಅವಳು ಇಲ್ಲದಿರುವುದು. ಅವಳಿಗೆ ರಜೆ ಕೇಳುವ ಧೈರ್ಯವಿಲ್ಲ ಎಂಬುದು ಯಾರಿಗೂ ಕಾಣುವುದಿಲ್ಲ. 'ನೌಕರಿ ಮಾಡೋ ಹೆಂಗಸಿಗೆ ಮನಿ ಮ್ಯಾಲೆ ಖಬರಿಲ್ಲ' ಎಂಬ ಮಾತು ಆಗ ಬರುತ್ತದೆ.

ಮದುವೆಯ ವಿಷಯದಲ್ಲಿ ನಮ್ಮ ಸಮಾಜದ ಲೆಕ್ಕವೇ ವಿಚಿತ್ರ. ಹುಡುಗಿ ನೋಡಲು ಬಂದವರ ಮೊದಲ ಪ್ರಶ್ನೆ, 'ಪರ್ಮನೆಂಟ್ ಐತೇನ್ರೀ?' ಎರಡನೆಯದು, 'ನೈಟ್ ಡ್ಯೂಟಿ ಇರ್ತಾವೇನ್ರೀ?' ಸಂಬಳ ಬೇಕು, ರಾತ್ರಿ ಪಾಳಿ ಬೇಡ. ರಾತ್ರಿ ಪಾಳಿಯಿಲ್ಲದ ನರ್ಸ್ ಎಲ್ಲಿದ್ದಾಳೆ? ಹೆಣ್ಣು ರೋಗಿಗೆ ಹೆಣ್ಣು ನರ್ಸೇ ಇರಬೇಕು ಎಂದು ದವಾಖಾನೆಯಲ್ಲಿ ಹಟ ಹಿಡಿಯುವವರೂ ನಾವೇ. ಪ್ರವಾದಿವರ್ಯರ(ಸ) ಕಾಲದಲ್ಲಿ ಗಾಯಾಳುಗಳ ಆರೈಕೆಗೆ ಮದೀನಾದ ಮಸೀದಿಯ ಬಳಿಯೇ ರುಫೈದಾ ಅಲ್ ಅಸ್ಲಮಿಯ್ಯಾ ಅವರ ಡೇರೆ ಇತ್ತು ಎಂಬುದನ್ನು ನಮ್ಮ ಹಿರಿಯರಿಗೆ ನೆನಪಿಸಬೇಕಾಗುತ್ತದೆ.

ಇನ್ನು ಆರೋಗ್ಯ. ಬೇರೆಯವರ ಬಿಪಿ ನೋಡುವವಳು ತನ್ನದನ್ನು ನೋಡಿಕೊಳ್ಳುವುದಿಲ್ಲ. ಫೆಬ್ರವರಿ ಮುಗಿಯುತ್ತಿದ್ದಂತೆ ನಿದ್ದೆ ಹತ್ತದಿರುವುದು, ಹೊಟ್ಟೆಯಲ್ಲಿ ಉರಿ, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುವುದು. ಇವನ್ನು ಮನೆಯವರು ಸ್ವಭಾವ ಎಂದುಕೊಳ್ಳುತ್ತಾರೆ. ಒಂದು ಸಲ ಕ್ಯಾಲೆಂಡರ್ ನೋಡಿ ಎಂದು ನಾನು ಹೇಳುತ್ತೇನೆ. ತೀರಾ ಮನಸ್ಸು ಕುಗ್ಗಿದರೆ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಈ ಸರಕಾರಿ ಸೇವೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ರೋಗಿಗಳಿಗೆ ಈ ನಂಬರ್ ಬರೆದುಕೊಡುವ ಸಿಸ್ಟರ್ ತಾನೂ ಅದಕ್ಕೆ ಫೋನ್ ಮಾಡಬಹುದಲ್ಲ.

2020ನೇ ವರ್ಷವನ್ನು ವಿಶ್ವ ಆರೋಗ್ಯ ಸಂಸ್ಥೆ ನರ್ಸ್ ಮತ್ತು ಸೂಲಗಿತ್ತಿಯರ ವರ್ಷವೆಂದು ಸಾರಿತ್ತು. ಅದೇ ವರ್ಷ ಕೊರೋನಾ ಬಂತು. ಮಾರ್ಚ್ 22ರ ಸಂಜೆ ನಾವೆಲ್ಲಾ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆವು, ತಾಟು ಬಡಿದೆವು. ಆರೇ ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ಅದೇ ಗುತ್ತಿಗೆ ಸಿಬ್ಬಂದಿ ರಾಜ್ಯದಾದ್ಯಂತ ಮುಷ್ಕರ ಹೂಡಬೇಕಾಯಿತು. ಕೊರೋನಾಕ್ಕೆಂದೇ ತಿಂಗಳುಗಳ ಲೆಕ್ಕದಲ್ಲಿ ತೆಗೆದುಕೊಂಡಿದ್ದ ಹುಡುಗಿಯರನ್ನು ರೋಗ ಇಳಿದ ಮೇಲೆ ಮನೆಗೆ ಕಳಿಸಲಾಯಿತು. 2023ರ ಫೆಬ್ರವರಿ 13ರಿಂದ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ವಾರಗಟ್ಟಲೆ ಕುಳಿತರು. ಕೇಳಿದ್ದು ಕಾಯಂ ಮಾಡಿ ಎಂದು. ಸಿಕ್ಕಿದ್ದು ಶೇಕಡಾ 15ರಷ್ಟು ಸಂಬಳ ಹೆಚ್ಚಳ. ಆ ದಿನಗಳಲ್ಲಿ ಹಸುಗೂಸನ್ನು ತವರಿನಲ್ಲಿ ಬಿಟ್ಟು ರೈಲು ಹತ್ತಿದವರಿದ್ದಾರೆ. 'ಹೆಣ್ಣುಮಕ್ಕಳಿಗೆ ಮುಷ್ಕರ ಯಾಕ ಬೇಕು' ಎಂದು ಮನೆಯಲ್ಲಿ ತಡೆದದ್ದರಿಂದ ಹೋಗದವರೂ ಇದ್ದಾರೆ. ಹೋಗದವರಿಗೂ ಆ ಹೆಚ್ಚಳ ಸಿಕ್ಕಿತು ಎಂಬುದನ್ನು ತಡೆದವರು ನೆನಪಿಡಲಿ. ಒಡಿಶಾ ಸರಕಾರ 2022ರ ಅಕ್ಟೋಬರ್‌ನಲ್ಲಿ ಗುತ್ತಿಗೆ ನೇಮಕಾತಿ ಪದ್ಧತಿಯನ್ನೇ ಕೈಬಿಟ್ಟು 57,000 ಮಂದಿಯನ್ನು ಕಾಯಂ ಮಾಡುವುದಾಗಿ ಹೇಳಿತು. ಆಗದ ಕೆಲಸವೇನಲ್ಲ ಎಂದು ತಿಳಿಯಲು ಈ ಮಾತು.

ಕಾನೂನಿನ ಕತೆಯೂ ನಮ್ಮ ಮಣ್ಣಿಗೇ ಅಂಟಿಕೊಂಡಿದೆ. 1990ರಲ್ಲಿ ಸುಪ್ರೀಂ ಕೋರ್ಟ್ ದಿನಗೂಲಿ ನೌಕರರ ಒಂದು ಪ್ರಕರಣದಲ್ಲಿ, ಹತ್ತು ವರ್ಷ ದುಡಿದವರನ್ನು ಹಂತ ಹಂತವಾಗಿ ಕಾಯಂ ಮಾಡಬೇಕೆಂದು ಕರ್ನಾಟಕ ಸರಕಾರಕ್ಕೆ ಹೇಳಿತು. ಆ ದಾವೆ ಹೂಡಿದವರು ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘದವರು. ಆಗ ಗದಗ ಜಿಲ್ಲೆ ಹುಟ್ಟಿರಲಿಲ್ಲ, ಅದಾದದ್ದು 1997ರಲ್ಲಿ. ರೋಣ, ನರಗುಂದ ಎರಡೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಹದಿನಾರು ವರ್ಷಗಳ ಬಳಿಕ, 2006ರ ಏಪ್ರಿಲ್ 10ರಂದು, ಮತ್ತೆ ಕರ್ನಾಟಕದ್ದೇ ಪ್ರಕರಣ, ಉಮಾದೇವಿ ಪ್ರಕರಣ. ನೇಮಕಾತಿಯ ನಿಯಮ ಪಾಲಿಸದೆ ಒಳಬಂದವರು ಬಹಳ ವರ್ಷ ದುಡಿದರೆಂಬ ಒಂದೇ ಕಾರಣಕ್ಕೆ ಕಾಯಂ ಹಕ್ಕು ಕೇಳುವಂತಿಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದಾಟಿದವರಿಗೆ ಒಂದೇ ಸಲದ ವಿನಾಯಿತಿ ಇತ್ತು. ಅಲ್ಲಿಂದಾಚೆಗೆ ಕಾಯಂ ಮಾಡಿ ಎಂದು ಯಾರು ಕೇಳಿದರೂ ಕಚೇರಿಗಳು ಉಮಾದೇವಿ ಎಂಬ ಹೆಸರನ್ನೇ ಮುಂದೆ ಹಿಡಿಯುತ್ತವೆ. ಪಾಪ, ಯಾವ ಹೆಣ್ಣುಮಗಳು ನ್ಯಾಯ ಕೇಳಿ ಕೋರ್ಟಿಗೆ ಹೋದಳೋ ಅವಳ ಹೆಸರೇ ಲಕ್ಷಾಂತರ ಜನಕ್ಕೆ ಮುಚ್ಚಿದ ಬಾಗಿಲಿನ ಹೆಸರಾಯಿತು. ಈಚೆಗೆ, 2024ರ ಡಿಸೆಂಬರ್ 20ರಂದು, ಕೇಂದ್ರ ಜಲ ಆಯೋಗದಲ್ಲಿ ವರ್ಷಗಟ್ಟಲೆ ಕಸ ಗುಡಿಸಿದ ಜಗ್ಗೋ ಮತ್ತಿತರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸದಾಕಾಲ ಇರುವ ಕೆಲಸಕ್ಕೆ ಜನರನ್ನು ತಾತ್ಕಾಲಿಕವೆಂದು ಇಟ್ಟುಕೊಂಡು ಉಮಾದೇವಿ ತೀರ್ಪನ್ನು ಅವರ ವಿರುದ್ಧ ಅಸ್ತ್ರವಾಗಿ ಬಳಸಬಾರದು ಎಂದು ಹೇಳಿದೆ. ಬಾಗಿಲು ಪೂರ್ತಿ ತೆರೆದಿಲ್ಲ, ಸ್ವಲ್ಪ ಸರಿದಿದೆ. ಆ ಬಾಗಿಲ ಬಳಿ ಹೋಗಬೇಕೆಂದರೆ ಕೈಯಲ್ಲಿ ದಾಖಲೆ ಬೇಕು.

ಆದ್ದರಿಂದ ನರ್ಸ್ ಆಗಿರುವ ನನ್ನ ತಂಗಿಯರಿಗೆ ಹೇಳುತ್ತೇನೆ. ಮೊದಲ ನೇಮಕಾತಿ ಆದೇಶದಿಂದ ಹಿಡಿದು ಪ್ರತಿ ವರ್ಷದ ಮುಂದುವರಿಕೆ ಆದೇಶದ ಪ್ರತಿ, ಡ್ಯೂಟಿ ಪಟ್ಟಿಯ ಪ್ರತಿ, ಸಂಬಳ ಜಮೆಯಾದ ಪಾಸ್‌ಬುಕ್ ಪುಟ, ಭವಿಷ್ಯನಿಧಿ ಕಡಿತವಾಗುತ್ತಿದ್ದರೆ ಅದರ ಖಾತೆ ಸಂಖ್ಯೆ ಎಲ್ಲವನ್ನೂ ಒಂದು ಫೈಲಿನಲ್ಲಿಡಿ. ಮೊಬೈಲಿನ ಫೋಟೋ ಸಾಲದು, ಮೊಬೈಲು ಕೆಡುತ್ತದೆ. ಖಾಸಗಿ ಆಸ್ಪತ್ರೆಯಲ್ಲಿದ್ದರೆ ಅನುಭವ ಪ್ರಮಾಣಪತ್ರವನ್ನು ಬಿಡುವಾಗ ಕೇಳುವುದಕ್ಕಿಂತ ವರ್ಷಕ್ಕೊಮ್ಮೆ ಕೇಳಿ ಪಡೆಯಿರಿ. ಮೂಲ ಪ್ರಮಾಣಪತ್ರವನ್ನು ಯಾರ ಕೈಗೂ ಕೊಡಬೇಡಿ. ತೋರಿಸಿ, ನಕಲು ಕೊಡಿ, ವಾಪಸು ತನ್ನಿ. ನರ್ಸಿಂಗ್ ಕೌನ್ಸಿಲ್ ನೋಂದಣಿ ಬಾಕಿ ಉಳಿಸಬೇಡಿ. ಕಾಯಂ ನೇಮಕಾತಿಗೆ ಅರ್ಜಿ ಕರೆದ ದಿನ ಇವಿಲ್ಲದೆ ಅತ್ತವರನ್ನು ನೋಡಿದ್ದೇನೆ.

ಅತ್ತೆಯಂದಿರೇ, ಗಂಡಂದಿರೇ, ನಿಮ್ಮಲ್ಲೂ ಒಂದು ಮಾತು. ಅವಳ ಸಂಬಳದ ಲೆಕ್ಕ ನಿಮಗೆ ಬಾಯಿಪಾಠವಿದೆ. ಅವಳ ಆದೇಶದ ತಾರೀಖು ಗೊತ್ತೇ? ಮಾರ್ಚ್, ಏಪ್ರಿಲ್ ಎರಡು ತಿಂಗಳು ಹೊಸ ಕಂತು, ಹೊಸ ಖರ್ಚು ಅವಳ ಹೆಸರಿಗೆ ಬರೆಯಬೇಡಿ. ಸಾಧ್ಯವಾದರೆ ಎರಡು ತಿಂಗಳ ರೇಷನ್ನಿನ ದುಡ್ಡು ಚಿಟ್ಟಿಗೂ ಹಾಕದೆ, ಸಂಘಕ್ಕೂ ಕಟ್ಟದೆ ಅವಳ ಖಾತೆಯಲ್ಲೇ ಉಳಿಯಲಿ. ರಾತ್ರಿ ಪಾಳಿ ಮುಗಿಸಿ ಬಂದವಳು ನಾಲ್ಕು ತಾಸು ಮಲಗಿದರೆ ಮನೆಯ ಮಾನ ಹೋಗುವುದಿಲ್ಲ. ಆ ಹೊತ್ತಿನಲ್ಲಿ ನೆರೆಯವರು ಬಂದು 'ಸೊಸಿ ಎಲ್ಲಿ?' ಎಂದರೆ 'ಡ್ಯೂಟಿ ಮಾಡಿ ಬಂದು ಮಲಗ್ಯಾಳ' ಎಂದು ದೊಡ್ಡ ದನಿಯಲ್ಲೇ ಹೇಳಿ.

ಬಸುರಿನ ಭಯದ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ಇದರಲ್ಲಿ ಕಾನೂನು ಹೆಂಗಸರ ಕಡೆಗೇ ಇದೆ, ನಮ್ಮ ಹೆಣ್ಣುಮಕ್ಕಳಿಗೆ ಅದು ತಿಳಿದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಎಂದಾಯಿತು. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಇದು ಕಾಯಂ ನೌಕರರಿಗೆ ಮಾತ್ರ ಎನ್ನುವವರಿಗೆ 2000ದಲ್ಲೇ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ದೆಹಲಿ ಮಹಾನಗರಪಾಲಿಕೆಯ ದಿನಗೂಲಿ ಹೆಂಗಸರಿಗೂ ಈ ಹಕ್ಕಿದೆ ಎಂದು ಆಗ ತೀರ್ಪಾಯಿತು. 2023ರ ಆಗಸ್ಟ್‌ನಲ್ಲಿ ದೆಹಲಿಯ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಜೆಯ ನಡುವೆ ಗುತ್ತಿಗೆಯ ಅವಧಿ ಮುಗಿದರೂ ಪೂರ್ತಿ ಅವಧಿಯ ಸೌಲಭ್ಯ ಕೊಡಲೇಬೇಕು ಎಂದಿತು. ಅಂದರೆ ಫೆಬ್ರವರಿಯಲ್ಲಿ ರಜೆ ಹೋದವಳ ಸೌಲಭ್ಯವನ್ನು ಮಾರ್ಚ್ 31 ನಿಲ್ಲಿಸಲಾರದು. ರಜೆಯ ಅರ್ಜಿಯನ್ನು ಬಾಯಿಮಾತಿನಲ್ಲಿ ಮುಗಿಸಬೇಡಿ. ಎರಡು ಪ್ರತಿ ಬರೆಯಿರಿ, ಡಾಕ್ಟರ ಚೀಟಿ ಲಗತ್ತಿಸಿ, ಒಂದನ್ನು ಕಚೇರಿಗೆ ಕೊಟ್ಟು ಇನ್ನೊಂದರ ಮೇಲೆ ಸಹಿ, ತಾರೀಖು, ಮೊಹರು ಹಾಕಿಸಿಕೊಳ್ಳಿ. ಆಮೇಲೆ ಆ ಪ್ರತಿಯನ್ನು ಫೈಲಿಗೆ ಸೇರಿಸಿ, ಫೈಲನ್ನು ಟ್ರಂಕಿನಲ್ಲಿ, ನಿಮ್ಮ ನಿಕಾಹ್‌ನಾಮೆಯ ಜೊತೆಗೆ ಇಡಿ.